ದೌಲತಬಿಯ ಅಬ್ಬಲಿಗೆ ಗಿಡ

ದಾಂಡೇಲಿ
19 ಡಿಸೆಂಬರ್ 2024

ಮಗಳೇ ಸುಮಿತಾ,

ಈ ಪತ್ರವನ್ನು ಕೊನೆಯವರೆಗೆ ಓದು, ಆಮೇಲೆ ಸಿಟ್ಟಾಗು.

ಜುಲೈ ತಿಂಗಳಲ್ಲಿ ನಿಮ್ಮಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ನಿಂತಿತು. ನಿನ್ನ ಪರೀಕ್ಷೆ ಮುಗಿಯಲಿ ಎಂದು ನಿನಗೆ ತಿಳಿಸಲಿಲ್ಲ. ದೀಪಾವಳಿಗೂ ನಿನಗೆ ವಾರ್ಡ್ ಡ್ಯೂಟಿ ಬಿತ್ತು, ಊರಿಗೆ ಬರಲಾಗಲಿಲ್ಲ. ನರ್ಸಿಂಗ್ ಓದುವ ಮಗಳಿಗೇ ಮುಚ್ಚಿಟ್ಟೆ.

ದಿನಾ ನಡೆಸಬೇಕು ಎಂದರು ಡಾಕ್ಟರು. ಮೊದಲ ದಿನ ಬಸ್ ಸ್ಟ್ಯಾಂಡ್ ಕಡೆ ಕರೆದೊಯ್ದೆ. ಆಟೋದವರೆಲ್ಲ "ಹೆಂಗದೀರಿ ಶಿವಯೋಗಿ ಅಣ್ಣಾ?" ಎಂದು ಸುತ್ತುವರಿದರು. ಉತ್ತರ ಕೊಡಲಾಗದೆ ನಿಮ್ಮಪ್ಪ ಮನೆಗೆ ತಿರುಗಿದರು. ಆಮೇಲೆ ಒಂದು ತಿಂಗಳು ಹೊಸ್ತಿಲು ದಾಟಲಿಲ್ಲ.

ಕೊನೆಗೆ ಹಿಂದಿನ ಓಣಿ ಹಿಡಿದೆವು. ಇಪ್ಪತ್ತು ವರ್ಷ ಅಲ್ಲೇ ಆಟೋ ಓಡಿಸಿದರೂ ಏನನ್ನೂ ನೋಡದ ಮನುಷ್ಯ ಈಗ ಪ್ರತಿ ಗೇಟಿಗೂ ನಿಲ್ಲುತ್ತಾರೆ. ಗುರುಸಿದ್ದವ್ವನ ಪಪ್ಪಾಯಿ ಗಿಡಕ್ಕೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಬಂದರೆ ಅದು ಹಾರುವವರೆಗೆ ಕದಲುವುದಿಲ್ಲ. ನಾನು ಒಂದೊಂದೇ ಹೆಸರು ಹೇಳುತ್ತಿದ್ದೆ, "ಇದು ದಾಸಾಳ ರೀ, ಇದು ಎಮ್ಮಿ." ಅವರ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ನನಗೂ ಸಾಕಾಗಿ ಬಾಯಿ ಮುಚ್ಚಿಕೊಂಡು ನಡೆಯತೊಡಗಿದೆ.

ಕಳೆದ ಮಂಗಳವಾರ ಅದೇ ಓಣಿಯ ದೌಲತಬಿಯ ಗೇಟು ತೆರೆದಿತ್ತು. ಯಾರದೋ ಆಡು ಒಳಹೊಕ್ಕು ಅವಳ ಅಬ್ಬಲಿಗೆ ಹೂವಿನ ಗಿಡಕ್ಕೆ ಬಾಯಿ ಹಾಕಿತು. "ಆಡು!" ಎಂದು ಯಾರೋ ಕೂಗಿದರು. ತಿರುಗಿದರೆ ನಿಮ್ಮಪ್ಪ! "ಆಡು! ಆಡು!"

ಕೋಲು ಹಿಡಿದು ಓಡಿಬಂದ ದೌಲತಬಿ ಆಡನ್ನೇ ಮರೆತಳು. "ಯಾ ಅಲ್ಲಾ! ಅಕ್ಕಾ, ಅಣ್ಣಾರು ಮಾತಾಡಿದ್ರು!" ಎಂದು ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಗಿಡದ ಬರೀ ಕಡ್ಡಿ ಉಳಿದಿತ್ತು. "ತಿನ್ಲಿ ಬಿಡ್ರಿ," ಎಂದಳು.

ಈಗ ನಿಮ್ಮಪ್ಪನಿಗಿರುವುದು 'ಆಡು' ಅದೊಂದೇ ಮಾತು. ಎಮ್ಮೆಯೂ ಆಡು, ಮಂಗಟ್ಟೆಯೂ ಆಡು. ಚಹಾ ಬೇಕಾದರೆ ನನ್ನನ್ನೂ ಹಾಗೇ ಕರೆಯುತ್ತಾರೆ. ನಾನು "ಬಂದೆ ರೀ" ಅನ್ನುತ್ತೇನೆ.

ರಜೆ ಸಿಕ್ಕ ಕೂಡಲೇ ಬಾ.

ನಿನ್ನ ಅವ್ವ,
ದಾನೇಶ್ವರಿ

ತಾ.ಕ.: ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ. ಪ್ರತಿ ರವಿವಾರ ನೀನು ಅಪ್ಪ ಎಲ್ಲಿ ಎಂದು ಕೇಳಿದಾಗ ಆಟೋ ತೆಗೆದುಕೊಂಡು ಹೋಗಿದ್ದಾರೆ ಎನ್ನುತ್ತಿದ್ದೆನಲ್ಲ, ಆಗೆಲ್ಲ ಅವರು ನನ್ನ ಪಕ್ಕದಲ್ಲೇ ಕೂತು ಫೋನಿಗೆ ಕಿವಿ ಹಚ್ಚಿ ನಿನ್ನ ದನಿ ಕೇಳುತ್ತಿದ್ದರು. ಬರುವ ರವಿವಾರ ಫೋನನ್ನು ಅವರ ಕೈಗೇ ಕೊಡುತ್ತೇನೆ. ಏನಾದರೂ ಮಾತಾಡು. ಪ್ರಶ್ನೆ ಮಾತ್ರ ಕೇಳಬೇಡ.