ಮಷೀನ್ ತೆಗೆಯುವ ಮಾತು

ಮಕ್ಕಳ ವಾರ್ಡಿನ ಡಾಕ್ಟರ್ ಮೇಡಂ ಅವರಿಗೆ ಹೊಂಬಳದ ಮೌನೇಶನ ನಮಸ್ಕಾರಗಳು.

ನಿನ್ನೆ ಆಸ್ಪತ್ರೆಯ ಗೇಟಿನಲ್ಲಿ ಎದೆ ಬಡಿದುಕೊಂಡು ಅತ್ತವರು ನಮ್ಮ ಮಂದಿ. ವಾಚ್‌ಮನ್‌ನನ್ನು ಬೈಯಬೇಡಿರಿ. ತಪ್ಪು ನನ್ನದು. ಸ್ವಲ್ಪ ನಿಮ್ಮದೂ ಇದೆ.

ನನ್ನ ಮಗಳು ಶಾಂಭವಿಯನ್ನು ನಿಮ್ಮ ಬಾಗಿಲಿಗೆ ತಂದಾಗ ಉಸಿರೇ ಇರಲಿಲ್ಲ. ನೀವು ಎದೆ ಒತ್ತಿ, ರಬ್ಬರ್ ಚೀಲ ಹಿಚುಕಿ ಜೀವ ಮರಳಿ ತಂದಿರಿ. ಆಮೇಲೆ ಬಾಯಲ್ಲಿಟ್ಟ ಕೊಳವೆಯಿಂದ ಮಷೀನೇ ಅವಳಿಗೆ ಉಸಿರು ಕೊಡುತ್ತಿತ್ತು. ನಿನ್ನೆ ಬೆಳಿಗ್ಗೆ ನೀವು ಹೊರಗೆ ಬಂದು, "ಮಧ್ಯಾಹ್ನ ಮಷೀನ್ ತೆಗೀತೀವ್ರಿ" ಎಂದವರೇ ಅವಸರದಲ್ಲಿ ಒಳಗೆ ಹೋದಿರಿ. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ. ನಾನು ಊರಿಗೆ ಫೋನ್ ಮಾಡಿ, "ಎಲ್ಲಾರೂ ಜಲ್ದಿ ಬರ್ರಿ" ಎಂದುಬಿಟ್ಟೆ. ಟ್ರ್ಯಾಕ್ಟರ್ ತುಂಬ ಬಂದರು. ಚನ್ನಬಸವಣ್ಣ ಕಾಕಾ ಹೊಲದಲ್ಲಿ ಹೂಳುವ ಕುಣಿ ತೋಡಲು ಆಳುಗಳಿಗೂ ಹೇಳಿ ಬಂದಿದ್ದರು.

ಸಿಸ್ಟರ್ ಕರೆದಾಗ ನಾನೂ ನನ್ನ ಹೆಂಡತಿಯೂ ಕೊನೆಯ ಸಲ ಮುಖ ನೋಡಲೆಂದೇ ಒಳಗೆ ಹೋದೆವು. ಬಾಯಲ್ಲಿ ಕೊಳವೆ ಇರಲಿಲ್ಲ. ಶಾಂಭವಿ ತಾನೇ ಉಸಿರಾಡುತ್ತ ನಮ್ಮನ್ನೇ ನೋಡುತ್ತಿದ್ದಳು.

ಒಂದು ವಿನಂತಿ. ಮುಂದೆ ಯಾವ ತಂದೆತಾಯಿಗೆ ಹೇಳುವಾಗಲೂ ಮೊದಲು, "ಕೂಸು ತಾನ ಉಸಿರಾಡಾಕತ್ತೈತಿ" ಅನ್ನಿರಿ. ಮಷೀನಿನ ಮಾತು ಆಮೇಲೆ ಇರಲಿ.

ಕೊಳವೆಯಿಂದಾಗಿ ಅವಳ ಗಂಟಲು ಇನ್ನೂ ಕಟ್ಟಿದೆ. ನಮ್ಮ ಕಣ್ಣೀರು ನೋಡಿ ಆ ಒಡಕು ದನಿಯಲ್ಲೇ ಕೇಳಿದಳು: "ಅಪ್ಪಾ, ಯಾರ ಸತ್ತಾರ?"

ಯಾರೂ ಇಲ್ಲ, ಮೇಡಂ.

ಇಂತಿ,
ಶಾಂಭವಿಯ ಅಪ್ಪ
ಮೌನೇಶ