ಕಿಟಕಿ ಪಕ್ಕದ ಬಾಟಲಿ

ಮಾರ್ಚ್ 4, ಬೆಳಿಗ್ಗೆ 9.20

ನಲವತ್ತೆಂಟು ಕುಂಡ ತೂಗಿ ಆಯಿತು. ಎತ್ತು, ತಕ್ಕಡಿಯ ಮೇಲಿಡು, ಅಂಕಿ ಬರೆ, ಕಡಿಮೆಯಾದಷ್ಟು ನೀರು ಹಾಕು. ಬೇಕೆಂದೇ ಒಣಗಿಸುವ ‘ಬರ’ದ ಟ್ರೇಗಳಿಗೆ ಅದೂ ಇಲ್ಲ, ಬಾಯಿ ಒದ್ದೆಯಾಗುವಷ್ಟು ಮಾತ್ರ. ಪಿಎಚ್‌ಡಿಯ ಆರನೇ ವರ್ಷ. ಈ ಕೋಸಿನ ಸಸಿಗಳಿಗೂ ನನ್ನ ಮುಖ ನೋಡಿ ಸಾಕಾಗಿರಬೇಕು.

ಲ್ಯಾಬ್ ನೋಟ್‌ಬುಕ್ಕಿನ ಪ್ರತಿ ಪುಟದ ಕೆಳಗೂ ಮೇಡಂ ಹಸಿರು ಪೆನ್ನಿನಲ್ಲಿ ಸಹಿ ಹಾಕುತ್ತಾರೆ. ಮನೆಯಲ್ಲಿ ದಿನಸಿ ಪಟ್ಟಿಗೂ ಅದೇ ಪೆನ್ನು, ಅದೇ ಕೈ. ಮೇಡಂ ನನ್ನ ಗೈಡ್. ಮೇಡಂ ನನ್ನ ಅತ್ತೆ. ಎರಡನೇ ವರ್ಷದಲ್ಲಿ ಅವರ ಮಗನನ್ನು ಮದುವೆಯಾದೆ — ಯಾರೂ ಬಲವಂತ ಮಾಡಲಿಲ್ಲ, ನಾನೇ ಹೋಗಿ ಬಿದ್ದದ್ದು.

ಅವರದ್ದೊಂದು ಕಾನೂನಿದೆ. ಮನೆಯ ಮಾತು ಲ್ಯಾಬಿನಲ್ಲಿ ಇಲ್ಲ, ಲ್ಯಾಬಿನ ಮಾತು ಮನೆಯಲ್ಲಿ ಇಲ್ಲ. ಕಾರಿನಿಂದ ಇಳಿದ ಮೇಲೆ ‘ಅತ್ತೆ’ ಎಂದು ಕರೆದರೆ ತಿರುಗಿಯೂ ನೋಡುವುದಿಲ್ಲ.

ಅವರು ಸಹಿ ಹಾಕದ ಪುಸ್ತಕ ಇದೊಂದೇ. ಅದಕ್ಕೇ ಬರೆಯುತ್ತೇನೆ. ಖಾಲಿ ಡಬ್ಬಗಳ ಹಿಂದೆ ಇಡುತ್ತೇನೆ.

ಮಾರ್ಚ್ 6

ಫೋನ್ ಬಂತು. ಬೀಜ ಸಂಶೋಧನಾ ಕೇಂದ್ರದಿಂದ. ಕೆಲಸ ನನಗೇ! ರೈಲಿನಲ್ಲಿ ಹನ್ನೊಂದು ಗಂಟೆಯ ದಾರಿ. ಹನ್ನೊಂದು ಗಂಟೆ... ಮೂರು ಸಲ ಕೇಳಿ ಖಚಿತ ಮಾಡಿಕೊಂಡೆ.

ಮೇ ಒಂದಕ್ಕೆ ಸೇರಬೇಕು. ಅಷ್ಟರೊಳಗೆ ಥೀಸಿಸ್ ಸಲ್ಲಿಸಿರಬೇಕು. ಇಲ್ಲವಾದರೆ ‘ಇವಳನ್ನು ಬಿಟ್ಟುಕೊಟ್ಟಿದ್ದೇನೆ, ಉಳಿದ ಕೆಲಸ ಅಲ್ಲೇ ಮುಗಿಸಲಿ’ ಎಂದು ಗೈಡ್ ಪತ್ರ ಕೊಡಬೇಕು. ಪತ್ರ ಕೇಳುವ ಧೈರ್ಯ ಈ ಜನ್ಮದಲ್ಲಿ ನನಗೆ ಬರುವುದಿಲ್ಲ. ಥೀಸಿಸ್ ಬರೆಯುವುದೇ ಸಲೀಸು.

ಇವರಿಗೆ ಹೇಳಿದೆ. ಮನೆಗಳ ನಕ್ಷೆ ಬರೆಯುವ ಕೆಲಸ ಇವರದ್ದು, ಮೇಜು ಎಲ್ಲಿ ಹಾಕಿದರೂ ನಡೆಯುತ್ತದೆ. ಖುಷಿಪಟ್ಟರು. “ಹೋಗೋಣ ಕಣೇ. ಅಮ್ಮನ ಹತ್ರ ನಾನು ಮಾತಾಡ್ತೀನಿ” ಎಂದರು. ಮಾತಾಡಿದಾಗ ನೋಡೋಣ.

ಮಾರ್ಚ್ 12, ಮಧ್ಯಾಹ್ನ

ಎರಡನೇ ಬ್ಯಾಚಿನ ಸಸಿಗಳಿಗೆ ಸಿಂಪಡಿಸಲು ಹಾರ್ಮೋನಿನ ಹೊಸ ಬಾಟಲಿ ಮಾಡಿದೆ. ಬೆಳಕು ಬಿದ್ದರೆ ಕೆಡುವ ವಸ್ತು, ಸುತ್ತ ಫಾಯಿಲ್ ಹಾಕಬೇಕು. ಫಾಯಿಲ್ ಎಲ್ಲಿ? ಮನೆಯಲ್ಲಿ. ನಾದಿನಿಯ ಆಫೀಸಿನವರು ಇಪ್ಪತ್ತು ಜನ ಪ್ರವಾಸ ಹೊರಟಿದ್ದರು, ಊಟ ಕಟ್ಟಿಕೊಡಬೇಕಿತ್ತು. “ಮನೇಲಿ ಫಾಯಿಲ್ ಮುಗಿದಿದೆ, ಲ್ಯಾಬಿನ ರೋಲ್ ಎತ್ಕೊಂಡ್ ಬಾ” ಎಂದು ಅತ್ತೆ ನಿನ್ನೆ ಕಾರಿನ ಹತ್ತಿರ ಪಿಸುಗುಟ್ಟಿದರು. ಮಾತು ಓಡಾಡುವ ಹಾಗಿಲ್ಲ. ಫಾಯಿಲ್ ಓಡಾಡಬಹುದು.

ಬಾಟಲಿಗೆ ನಾಳೆ ಸುತ್ತಿದರಾಯಿತು. ಸದ್ಯಕ್ಕೆ ಕಿಟಕಿಯ ಮೇಜಿನ ಮೇಲಿದೆ.

ಮಾರ್ಚ್ 15

ದಿನಾ ಮೂರು ಗಂಟೆಗೆ ಸ್ಪ್ರೇ. ಮೂರನೇ ಟ್ರೇಗೆ ಹಾರ್ಮೋನ್, ನಾಲ್ಕನೆಯದಕ್ಕೆ ಬರೀ ನೀರು. ಬೇರುಗಳಿಗೆ ಎರಡರಲ್ಲೂ ಬರ. ಹಾರ್ಮೋನ್ ಪಕ್ಕದ ಕುಂಡಗಳಿಗೆ ಹಾರಬಾರದೆಂದು ಮೇಡಂ ಹೊಸ ಏರ್ಪಾಡು ಮಾಡಿದ್ದಾರೆ: ಮೂರನೇ ಟ್ರೇಯನ್ನು ದೀಪದ ಕೋಣೆಯಿಂದ ಹೊರತಂದು ಕಿಟಕಿಯ ಮೇಜಿನ ಮೇಲೆ ಸಿಂಪಡಿಸುವುದು, ಅಲ್ಲೇ ಒಂದು ಗಂಟೆ ಆರಲು ಬಿಡುವುದು. ನಾಲ್ಕನೆಯದು ಒಳಗೇ ಇರುತ್ತದೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಕುಂಡ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ.

ಮಾರ್ಚ್ 24

ಕೆಂಪು! ಮೂರನೇ ಟ್ರೇ ಪೂರ್ತಿ ನೇರಳೆಗೆಂಪು. ನಾಲ್ಕನೆಯದು ಅಲ್ಲಿಷ್ಟು ಇಲ್ಲಿಷ್ಟು. ಮೊದಲ ಬ್ಯಾಚಿನಲ್ಲಿ ಇಷ್ಟು ವ್ಯತ್ಯಾಸ ಬಂದಿರಲಿಲ್ಲ.

ಮೇಡಂ ಕಿರಿಯ ವಿದ್ಯಾರ್ಥಿಗಳನ್ನೆಲ್ಲ ಕರೆದು ತೋರಿಸಿದರು. “ನೋಡಿ, ಬೇರಿಗೆ ನೀರು ಸಿಗ್ಲಿಲ್ಲ ಅಂದ್ರೆ ಗಿಡ ಈ ಹಾರ್ಮೋನ್ ಮಾಡ್ಕೊಳ್ಳುತ್ತೆ. ಎಲೆಯ ಸಣ್ಣ ಸಣ್ಣ ಬಾಯಿಗಳು ಮುಚ್ಕೊಳ್ತವೆ, ನೀರು ಆರಿಹೋಗಲ್ಲ. ಆಮೇಲೆ ಈ ಕೆಂಪು ಬಣ್ಣ. ಬಿಸಿಲಿಗೆ ಎಲೆ ಹಿಡಿಯೋ ಕೊಡೆ ಅಂದ್ಕೊಳ್ಳಿ. ಹಾರ್ಮೋನ್ ಜಾಸ್ತಿ ಕೊಟ್ರೆ ಬಣ್ಣ ಜಾಸ್ತಿ ಬರುತ್ತೆ ಅಂತ ನಮ್ಮ ಹುಡುಗಿ ತೋರಿಸಿದಾಳೆ.”

‘ನಮ್ಮ ಹುಡುಗಿ.’ ಆರು ವರ್ಷದಲ್ಲಿ ಮೊದಲ ಸಲ. ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಏಪ್ರಿಲ್ 2

ಬರೆಯಲು ಪುರಸೊತ್ತಿಲ್ಲ. ಕೊನೆಯ ಅಧ್ಯಾಯ ಮುಗಿಯಿತು. ಇಪ್ಪತ್ತನಾಲ್ಕಕ್ಕೆ ಸಲ್ಲಿಕೆ. ಇವರು ಇನ್ನೂ ಅಮ್ಮನ ಹತ್ತಿರ ಮಾತಾಡಿಲ್ಲ. “ಸಮಯ ನೋಡಿ ಹೇಳ್ತೀನಿ.” ಸಮಯ ಇವರನ್ನು ನೋಡಿ ನಗುತ್ತಿದೆ.

ಏಪ್ರಿಲ್ 9, ಸಂಜೆ 4



ಮೇಜು ಖಾಲಿ ಮಾಡುತ್ತಿದ್ದೆ. ಹಾರ್ಮೋನಿನ ಬಾಟಲಿ ಎತ್ತಿಕೊಂಡೆ. ತಳದಲ್ಲಿ ಎರಡು ಬೆರಳು ದ್ರಾವಣ ಉಳಿದಿತ್ತು. ಕಾಣಿಸಿತು. ಕಾಣಿಸಬಾರದಿತ್ತು! ಮೇಲೆ ಫಾಯಿಲ್ ಇರಲೇ ಇಲ್ಲ.

ಈ ಪುಸ್ತಕ ತೆಗೆದು ಹಿಂದಕ್ಕೆ ತಿರುಗಿಸಿದೆ. ಮಾರ್ಚ್ 12. ‘ನಾಳೆ ಸುತ್ತಿದರಾಯಿತು.’ ನನ್ನದೇ ಅಕ್ಷರ. ಆ ನಾಳೆ ಬರಲೇ ಇಲ್ಲ. ಲ್ಯಾಬ್ ನೋಟ್‌ಬುಕ್ಕಿನಲ್ಲಿ ‘ಹೊಸ ದ್ರಾವಣ ತಯಾರಿಸಲಾಯಿತು’ ಎಂದಷ್ಟೇ ಇದೆ, ತಾರೀಖೂ ಇಲ್ಲ. ಕೆಳಗೆ ಹಸಿರು ಸಹಿ.

ಹನ್ನೆರಡು ದಿನ ಬಿಸಿಲಲ್ಲಿ ನಿಂತ ಬಾಟಲಿ. ಅದರಲ್ಲಿ ಹಾರ್ಮೋನ್ ಎಲ್ಲಿಂದ ಬರಬೇಕು? ಹಾಗಾದರೆ ಎಲೆ ಕೆಂಪಾದದ್ದು ಯಾಕೆ? ಅದೇ ಮೇಜು, ಅದೇ ಬಿಸಿಲು, ದಿನಾ ಒಂದು ಗಂಟೆ. ಬಿಸಿಲಿಗೆ ಕೊಡೆ ಹಿಡಿದಿವೆ, ಅಷ್ಟೇ. ಒಂದೇ ಕಿಟಕಿ ಔಷಧಿಯನ್ನೂ ಕೆಡಿಸಿತು, ಬಣ್ಣವನ್ನೂ ಕೊಟ್ಟಿತು.

ಇರಲಾರದು. ಪರೀಕ್ಷೆ ಮಾಡಿ ನೋಡಬೇಕು.

ಏಪ್ರಿಲ್ 11

ನಾದಿನಿಯ ನೇಲ್ ಪಾಲಿಶ್ ಕೇಳಿದೆ, ಬಣ್ಣವಿಲ್ಲದ್ದು.

“ಏನತ್ತಿಗೆ, ಹೊಸ ಶೋಕಿ?”

“ನನಗಲ್ಲ ಕಣೇ, ಎಲೆಗೆ.”

“ನಿಮ್ಮ ತಲೆ ಕೆಟ್ಟಿದೆ” ಎಂದು ಕೊಟ್ಟಳು. ಪಾಪ, ಸರಿಯಾಗಿಯೇ ಹೇಳಿದಳು.

ಎಲೆಯ ಅಡಿಗೆ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಟೇಪ್ ಅಂಟಿಸಿ ಕಿತ್ತರೆ ಎಲೆಯ ಅಚ್ಚು ಸಿಗುತ್ತದೆ. ಕತ್ತಲಲ್ಲಿಟ್ಟ ಹೊಸ ಹಾರ್ಮೋನ್ ಒಂದು ಸಸಿಗೆ, ಕಿಟಕಿಯ ಬಾಟಲಿಯದ್ದು ಇನ್ನೊಂದಕ್ಕೆ. ಎರಡು ಗಂಟೆ ಕಾದು ಮೈಕ್ರೋಸ್ಕೋಪಿನಲ್ಲಿ ನೋಡಿದೆ.

ಮೊದಲನೆಯದರಲ್ಲಿ ಎಲೆಯ ಬಾಯಿಗಳೆಲ್ಲ ಬಿಗಿದುಕೊಂಡಿದ್ದವು. ಎರಡನೆಯದರಲ್ಲಿ ಎಲ್ಲವೂ ತೆರೆದೇ ಇದ್ದವು. ಬಾಟಲಿ ಸತ್ತಿದೆ.

ಹೇಳಿದರೆ ಎಲ್ಲ ಮೊದಲಿನಿಂದ: ಬೀಜ, ಕುಂಡ, ತಕ್ಕಡಿ, ಇದೇ ಕಾರು, ಇದೇ ಊಟದ ಮೇಜು. ಬೀಜ ಕೇಂದ್ರಕ್ಕೆ ಎಳ್ಳುನೀರು. ಹೇಳದಿದ್ದರೆ ಹದಿಮೂರು ದಿನದಲ್ಲಿ ಬಾಗಿಲು ತೆರೆಯುತ್ತದೆ. ಸುಳ್ಳಿನ ಕೀಲಿಕೈಯಿಂದ.

ಇವರಿಗೆ ಹೇಳಿದೆ. ಬಹಳ ಹೊತ್ತು ಪೆನ್ಸಿಲ್ ಕೆತ್ತಿದರು. “ಯಾರಿಗೂ ಗೊತ್ತಾಗಲ್ಲ ಅಲ್ವಾ?”

“ನಂಗೆ ಗೊತ್ತಾಯ್ತಲ್ಲ.”

ಮತ್ತೆ ಪೆನ್ಸಿಲ್ ಕೆತ್ತಿದರು.

ಏಪ್ರಿಲ್ 14

ನಿನ್ನೆ ರಾತ್ರಿ ಊಟದ ಮೇಜಿನಲ್ಲಿ ಬಾಯಿ ತೆರೆದೆ. “ಅತ್ತೆ, ಆ ಎರಡನೇ ಬ್ಯಾಚಲ್ಲಿ—”

“ಲ್ಯಾಬಿನ ಮಾತು ಲ್ಯಾಬಲ್ಲಿ.” ಸೌಟು ಎತ್ತಿದರು, ಮಾತು ಮುಗಿಯಿತು.

ಇವತ್ತು ಲ್ಯಾಬಿನಲ್ಲಿ ಮತ್ತೆ ಪ್ರಯತ್ನಿಸಿದೆ. “ಮೇಡಂ, ಮನೆಗೆ ತಗೊಂಡ್ಹೋದ ಫಾಯಿಲ್ ರೋಲ್ ವಿಷಯ...”

“ಮನೆ ವಿಷಯ ಇಲ್ಲಿ ಬೇಡ ಅಂತ ಎಷ್ಟು ಸಲ ಹೇಳ್ಬೇಕು?”

ಹೋಗಿ ಬಾತ್‌ರೂಮಿನ ನಲ್ಲಿ ಬಿಟ್ಟು ಕಣ್ಣೀರು ಹಾಕಿದೆ. ನಗುವೂ ಬಂತು. ನಿಜ ಹೇಳುವುದಕ್ಕೂ ಒಂದು ಜಾಗ ಬೇಕಲ್ಲ. ಈ ಇಡೀ ಊರಿನಲ್ಲಿ ನನಗೆ ಅಷ್ಟು ಜಾಗವೂ ಇಲ್ಲ.

ಏಪ್ರಿಲ್ 19

ಹೇಳಿಬಿಟ್ಟೆ.

ಬೆಳಿಗ್ಗೆ ಅತ್ತೆಯ ಜೊತೆ ಕಾರಿನಲ್ಲಿ ಬರುವಾಗ ರೈಲ್ವೆ ಗೇಟು ಹಾಕಿತ್ತು. ಹಿಂದೆ ಲಾರಿ, ಮುಂದೆ ಕಂಬಿ. ಮನೆಯೂ ಅಲ್ಲ, ಲ್ಯಾಬೂ ಅಲ್ಲ. ಈಗಲ್ಲದಿದ್ದರೆ ಇನ್ನಿಲ್ಲ ಅನ್ನಿಸಿತು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದೆ: “ಎರಡನೇ ಬಾಟಲಿ ಕೆಟ್ಟಿತ್ತು. ಟ್ರೇ ಕೆಂಪಾಗಿದ್ದು ಬಿಸಿಲಿಗೆ, ಹಾರ್ಮೋನಿಗಲ್ಲ. ಪರೀಕ್ಷೆ ಮಾಡಿ ನೋಡಿದೀನಿ.”

ಸ್ಟೀರಿಂಗ್ ಮೇಲಿನ ಕೈ ಅಲ್ಲಾಡಲಿಲ್ಲ. “ಫಾಯಿಲ್ ಯಾಕೆ ಸುತ್ತಲಿಲ್ಲ?”

“ರೋಲ್ ಮನೇಲಿತ್ತು.”

“ಮನೇಲಿ ಯಾಕಿ—” ಅಲ್ಲಿಗೆ ನಿಲ್ಲಿಸಿದರು. ರೈಲು ಬಂತು. ಹದಿನೆಂಟು ಬೋಗಿ ಎಣಿಸಿದೆ.

“ಟ್ರೇನ ಕಿಟಕಿ ಹತ್ರ ಇಡು ಅಂದಿದ್ದೂ ನಾನೇ” ಎಂದರು. ಆಮೇಲೆ ನನ್ನ ಮೊಣಕಾಲು ತಟ್ಟಿದರು. “ಹೇಳಿದ್ದು ಒಳ್ಳೇದಾಯ್ತು ಮಗಳೇ. ಇಪ್ಪತ್ತನಾಲ್ಕಕ್ಕೆ ಸಲ್ಲಿಸೋದು ಬೇಡ. ಎಲ್ಲ ಮೊದಲಿಂದ ಮಾಡೋಣ. ನಂಗಿನ್ನೂ ಎರಡು ವರ್ಷ ಸರ್ವೀಸ್ ಇದೆ. ಇಬ್ಬರೂ ಇದೀವಲ್ಲ, ಅವಸರ ಏನು?”

ಬೈದಿದ್ದರೆ ಚೆನ್ನಾಗಿತ್ತು. ಬೈದವರಿಂದ ದೂರ ಓಡಬಹುದು. ಮೊಣಕಾಲು ತಟ್ಟಿದವರಿಂದ ಎಲ್ಲಿಗೆ ಓಡಲಿ?

ಗೇಟು ತೆರೆಯಿತು. ಕೆಲಸದ ವಿಷಯ ಬಾಯಿಗೆ ಬಂದು ಅಲ್ಲೇ ಒಣಗಿತು.

ಏಪ್ರಿಲ್ 20, ಮಧ್ಯಾಹ್ನ

ಮೇಡಂ ಎರಡು ರೋಲ್ ಫಾಯಿಲ್ ತಂದಿದ್ದಾರೆ. ಒಂದು ಲ್ಯಾಬಿಗೆ, ಒಂದು ಮನೆಗೆ. ಹಸಿರು ಪೆನ್ನಿನಲ್ಲಿ ಹೆಸರೂ ಬರೆದಿದ್ದಾರೆ.

ಆಮೇಲೆ ಕೇಳಿದರು: “ಬಾಟಲಿ ಮಾಡಿದ್ದು ಹನ್ನೆರಡನೇ ತಾರೀಖೇ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀಯ? ನೋಟ್‌ಬುಕ್ಕಲ್ಲಿ ಇಲ್ವಲ್ಲ.”

“ಬರೆದಿಟ್ಟಿದ್ದೆ ಮೇಡಂ.”

“ಎಲ್ಲಿ?”

“ನನ್ನದೊಂದು ದಿನಚರಿ ಪುಸ್ತಕದಲ್ಲಿ” ಎಂದು ನಾಲಿಗೆ ಕಚ್ಚಿಕೊಂಡೆ. ಕೈಮೀರಿತ್ತು.

“ನಾಳೆ ಆ ಪುಸ್ತಕ ತಂದುಕೊಡು. ಬ್ಯಾಚ್ ತೆಗೆದುಹಾಕ್ಬೇಕಾದ್ರೆ ಆಧಾರ ಬೇಕು, ರೆಕಾರ್ಡಿಗೆ ಸೇರಿಸ್ತೀನಿ. ಪುಟ ಮಾತ್ರ ಹರಿದು ತರ್ಬೇಡ. ಹರಿದ ಪುಟಕ್ಕೆ ಬೆಲೆ ಇಲ್ಲ.”

ಇದನ್ನು! ಹಸಿರು ಪೆನ್ನಿನ ಕೆಳಗೆ, ಇದನ್ನು!

ಏಪ್ರಿಲ್ 21, ಬೆಳಿಗ್ಗೆ 8.15

ಇವರ ಸಲಹೆ: ಹೊಸ ಪುಸ್ತಕದಲ್ಲಿ ಬೇಕಾದ ತಾರೀಖು ಮಾತ್ರ ಬರೆದು ಕೊಟ್ಟುಬಿಡು. ಖಾಲಿ ಪುಸ್ತಕ ಎದುರಿಗಿಟ್ಟುಕೊಂಡು ಕೂತೆ. ‘ಮಾರ್ಚ್ 4’ ಎಂದು ಬರೆದೆ. ಕೈ ಮುಂದೆ ಹೋಗಲಿಲ್ಲ. ಒಂದು ಸುಳ್ಳಿನಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಸಿಕ್ಕಿಹಾಕಿಕೊಳ್ಳುವ ತಾಕತ್ತು ನನಗಿಲ್ಲ. “ಇದನ್ನೇ ಕೊಡ್ತೀನಿ” ಎಂದೆ. ಇವರ ಮುಖ ಬಿಳುಚಿತು. “ನನ್ನ ಬಗ್ಗೆನೂ ಬರೆದಿದೀಯಾ?” ಬರೆದಿದ್ದೇನೆ, ಹೌದು.

8.40

ಅತ್ತೆ — ಮೇಡಂ — ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ.

ನಿಮಗೆ ಬೇಕಾದದ್ದು ಮಾರ್ಚ್ 12ರ ಪುಟ. ನೀವು ಅಲ್ಲಿಗೇ ನಿಲ್ಲುವವರಲ್ಲ. ಆರನೇ ತಾರೀಖಿನದ್ದನ್ನೂ ಓದಿರುತ್ತೀರಿ. ಹೌದು, ಕೆಲಸ ಸಿಕ್ಕಿದೆ. ನಿಮ್ಮ ಮಗ ಹೇಳುತ್ತೇನೆಂದರು, ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರಿಗೂ ನಿಮ್ಮ ಭಯ.

ಪ್ರಯೋಗ ಮತ್ತೆ ಮಾಡುತ್ತೇನೆ. ನಲವತ್ತೆಂಟು ಕುಂಡವನ್ನೂ ಮೊದಲಿನಿಂದ ತೂಗುತ್ತೇನೆ, ಎರಡೂ ಟ್ರೇಗಳನ್ನು ಒಂದೇ ಬೆಳಕಿನಲ್ಲಿ ಇಡುತ್ತೇನೆ. ಆದರೆ ಅಲ್ಲಿ. ಇಲ್ಲಿ ನನಗೆ ಉಸಿರು ಕಟ್ಟುತ್ತದೆ. ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಂದೋ ಹೋಗಿರುತ್ತಿದ್ದೆ.

ಬಿಟ್ಟುಕೊಡುವ ಪತ್ರ ಟೈಪ್ ಮಾಡಿ ಈ ಪುಟದೊಳಗೇ ಇಟ್ಟಿದ್ದೇನೆ. ಕೆಳಗೆ ಸಹಿಗೆ ಜಾಗ ಬಿಟ್ಟಿದೆ.

ಹಾರ್ನ್ ಕೇಳಿಸುತ್ತಿದೆ. ಬಂದೆ ಎಂದು ಕೂಗಿದೆ. ಇನ್ನೊಂದೇ ಮಾತು. ಇದನ್ನು ಮನೆಯಲ್ಲಿ ಓದಬೇಡಿ, ಲ್ಯಾಬಿನಲ್ಲೂ ಬೇಡ. ರೈಲ್ವೆ ಗೇಟು ಹಾಕಿರುವಾಗ ಓದಿ. ಅಲ್ಲಿ ನೀವು ಮೇಡಂ ಅಲ್ಲ, ಅತ್ತೆಯೂ ಅಲ್ಲ, ನನ್ನನ್ನು ‘ಮಗಳೇ’ ಎಂದವರು.