ನೀಲಿ ಕಾಗದದ ಪೊಟ್ಟಣ

ಕಗಾಯಾನ್
ಕ್ರಿಸ್‌ಮಸ್ ರಜೆಯ ಮುನ್ನಾದಿನ

ಟೀಚರ್ ರೊವೇನಾ ಅವರಿಗೆ,

ಮಗಳು ಲೀಗಾಯಳ ಕೈಯಲ್ಲಿ ಎರಡು ಪೊಟ್ಟಣ ಕಳಿಸಿದ್ದೇನೆ. ಕೆಂಪು ಕಾಗದದ್ದು ನಿಮಗೆ. ಮಗ್ ಅಲ್ಲ, ಹೆದರಬೇಡಿ. ಕ್ರಿಸ್‌ಮಸ್ ಉಡುಗೊರೆಯೆಂದು ಮಕ್ಕಳ ಮನೆಗಳಿಂದ ವರ್ಷವರ್ಷ ಬಂದ ಮಗ್‌ಗಳಿಂದ ನೀವೊಂದು ಅಂಗಡಿಯನ್ನೇ ಇಡಬಹುದು. ಬಾಳೆಲೆಯ ಮೇಲೆ ಬೇಯಿಸಿದ ಅಕ್ಕಿ ಕೇಕು, ಬಿಬಿಂಕಾ, ಇದೆ, ಬಿಸಿಯಿರುವಾಗಲೇ ತಿನ್ನಿ.

ನೀಲಿಯದು ನಿಮಗಲ್ಲ, ಬೇಸರಿಸಬೇಡಿ. ಅದು ಇನ್ನೊಬ್ಬ ಟೀಚರಿಗಂತೆ.

"ನಿಮ್ಮ ಶಿಶುವಿಹಾರದಲ್ಲಿ ಈಗ ಇರೋದೇ ಒಬ್ರು ಟೀಚರ್ ಕಣೇ" ಎಂದು ಗದರಿದೆ.

"ಇಲ್ಲಮ್ಮಾ, ಮಧ್ಯಾಹ್ನ ನಮ್ಮನ್ನ ತಟ್ಟಿ ಮಲಗಿಸ್ತಾರಲ್ಲ, ಅವ್ರು. ತಲೆ ಯಾವಾಗ್ಲೂ ಒದ್ದೆ. ಚಾಪೆ ಮೇಲೆಲ್ಲ ನೀರು ತೊಟ್ಟಿಕ್ಕತ್ತೆ. ಒಂದು ಟವೆಲ್ ಕೊಡೋಣ."

ಲೀಗಾಯ ನಿಮ್ಮಲ್ಲಿಗೆ ಸೇರಿದ್ದು ಈ ಜೂನ್‌ನಲ್ಲಿ. ಹೋದ ವರ್ಷ ಹೊಳೆ ಉಕ್ಕಿದಾಗ ಮಕ್ಕಳನ್ನೆಲ್ಲ ದೋಣಿ ಹತ್ತಿಸಿ, ತಾವು ಕೊಚ್ಚಿಹೋದ ಟೀಚರ್ ಎಡ್ನಾರನ್ನು ಅವಳು ನೋಡಿಯೇ ಇಲ್ಲ. ಮನೆಯಲ್ಲಿ ನಾವು ಆ ಹೆಸರೆತ್ತುವುದೂ ಇಲ್ಲ. ದೋಣಿ ಹತ್ತಿದವರಲ್ಲಿ ನನ್ನ ದೊಡ್ಡ ಮಗನೂ ಇದ್ದ.

ಸತ್ತವರಿಗೆ ಅನ್ನದ ತಟ್ಟೆ ಇಡುವುದು ನಮಗೆಲ್ಲ ಗೊತ್ತು. ಟವೆಲ್ ಕೊಡುವುದು ಹೇಗೆಂದು ನಮ್ಮತ್ತೆಗೂ ಗೊತ್ತಿಲ್ಲ. "ಮಗು ಹೇಳಿದ್ದನ್ನ ಸುಮ್ನೆ ಕೊಟ್ಬಿಡು" ಎಂದರು.

ದಯವಿಟ್ಟು ಅದನ್ನು ಬಿಚ್ಚಿ, ಮಕ್ಕಳು ಮಲಗುವ ಕೋಣೆಯ ಕಿಟಕಿಗೆ ನೇತುಹಾಕಿ. ರಜೆ ಮುಗಿದು ಬಾಗಿಲು ತೆರೆದಾಗ ಟವೆಲ್ ಒದ್ದೆಯಾಗಿದ್ದರೆ ಹೇಳಿ ಕಳಿಸಿ. ಒಣಗಿದ ಇನ್ನೊಂದನ್ನು ನಾನೇ ತರುತ್ತೇನೆ. ಅವರಿಗೆ ನಾನಿನ್ನೂ ಥ್ಯಾಂಕ್ಸ್ ಹೇಳಿಲ್ಲ.

ಇಂತಿ,
ಲೀಗಾಯಳ ತಾಯಿ
ಮರಿವಿಕ್